675 ಡಿಗ್ರಿಯ ಶಿಖರ ಜಾರಿದರೆ, ಹರಡಿದರೆ, ಕಾಣದಿದ್ದರೆ: ಬಿಸ್ಮತ್ ಟೈಟನೇಟಿನ ಹರಳು ದೋಷ ಹುಡುಕುವ ಕೈಪಿಡಿ

ಬಿಸ್ಮತ್ ಟೈಟನೇಟ್ (Bi4Ti3O12) ಬಿಲ್ಲೆಯನ್ನು ಕಾಯಿಸುತ್ತ ಹೋದರೆ 675°ಸೆ ಆಸುಪಾಸಿನಲ್ಲಿ ಅದರ ಡೈಎಲೆಕ್ಟ್ರಿಕ್ ಸ್ಥಿರಾಂಕ (ಚಾರ್ಜ್ ಹಿಡಿದಿಡುವ ಸಾಮರ್ಥ್ಯದ ಅಳತೆ) ಚೂಪಾಗಿ ಏರಿ ಇಳಿಯಬೇಕು. ತಾನಾಗಿಯೇ ವಿದ್ಯುತ್ ಧ್ರುವೀಕರಣ ಇರುವ ಫೆರೋಎಲೆಕ್ಟ್ರಿಕ್ ಸ್ಥಿತಿ ಮುಗಿದು, ಅದಿಲ್ಲದ ಪ್ಯಾರಾಎಲೆಕ್ಟ್ರಿಕ್ ಸ್ಥಿತಿ ಶುರುವಾಗುವ ಪರಿವರ್ತನೆ ನಡೆಯುವುದು ಅಲ್ಲಿಯೇ. ಪ್ರಯೋಗಾಲಯದಲ್ಲಿ ಮಾತ್ರ ಶಿಖರ 650ಕ್ಕೇ ಬಂದುಬಿಡುತ್ತದೆ, ಗುಡ್ಡದ ಹಾಗೆ ಹರಡುತ್ತದೆ, ಎರಡಾಗಿ ಒಡೆಯುತ್ತದೆ, ಕೆಲವೊಮ್ಮೆ ಕಾಣಿಸುವುದೇ ಇಲ್ಲ. ಆಗ ‘ಆಕ್ಸಿಜನ್ ಖಾಲಿ ಸ್ಥಾನಗಳೇ (ಹರಳಿನಲ್ಲಿ ಆಕ್ಸಿಜನ್ ಇರಬೇಕಾಗಿದ್ದು ಖಾಲಿ ಬಿದ್ದ ಜಾಗಗಳೇ) ಕಾರಣ’ ಎಂದು ಒಂದು ಸಾಲು ಬರೆದು ಮುಂದೆ ಹೋಗುವವರು ಬಹಳ. ಅದು ನಿಜವೂ ಇರಬಹುದು. ಆದರೆ ಜಾಗ ಬಿಟ್ಟು ಕೂತ ಥರ್ಮೋಕಪಲ್ (ತಾಪ ಅಳೆಯುವ ಲೋಹದ ತಂತಿಗಳ ಜೋಡಿ) ಕೂಡ ಅದೇ ಲಕ್ಷಣ ತೋರಿಸುತ್ತದೆ.

ಈ ವಸ್ತುವಿನ ಕಟ್ಟಡ ಕಣ್ಣ ಮುಂದಿದ್ದರೆ ದೋಷ ಹುಡುಕುವುದು ಸುಲಭ. ಬಿಸ್ಮತ್ ಮತ್ತು ಆಕ್ಸಿಜನ್ನಿನ ತೆಳು ಪದರ, ಅದರ ಮೇಲೆ ಮೂರು ಅಂತಸ್ತಿನ ಪೆರೋವ್‌ಸ್ಕೈಟ್ (ಟೈಟೇನಿಯಂ ಸುತ್ತ ಆರು ಆಕ್ಸಿಜನ್‌ಗಳಿರುವ ಚೌಕಟ್ಟು), ಮತ್ತೆ ಬಿಸ್ಮತ್ ಆಕ್ಸೈಡ್ ಪದರ, ಹೀಗೆ ಸಿ ಅಕ್ಷದ (ಹರಳಿನ ಉದ್ದನೆಯ ದಿಕ್ಕಿನ) ಉದ್ದಕ್ಕೂ ಪೇರಿಸಿಕೊಂಡು ಹೋಗುತ್ತದೆ. ಆ ಅಕ್ಷದ ಉದ್ದ ಸುಮಾರು 32.8 ಆಂಗ್‌ಸ್ಟ್ರಾಮ್ (1 ಆಂಗ್‌ಸ್ಟ್ರಾಮ್ ಎಂದರೆ 0.1 ನ್ಯಾನೋಮೀಟರ್). ಅದರ ಅರ್ಧ, ಅಂದರೆ 16.4 ಆಂಗ್‌ಸ್ಟ್ರಾಮ್, ಒಂದು ಪದರದಿಂದ ಅದೇ ಬಗೆಯ ಮುಂದಿನ ಪದರಕ್ಕಿರುವ ದೂರ. ಈ ರಚನೆಯನ್ನು 1949ರಲ್ಲಿ ವಿವರಿಸಿದ ಬೆಂಗ್ಟ್ ಆರಿವಿಲಿಯಸ್ ಹೆಸರೇ ಈ ಕುಟುಂಬಕ್ಕೆ ನಿಂತಿದೆ. 1960ರ ದಶಕದ ಆರಂಭದಲ್ಲಿ ಇದರ ಫೆರೋಎಲೆಕ್ಟ್ರಿಕ್ ಗುಣವನ್ನು ಕ್ರಮವಾಗಿ ಅಳೆದವರಲ್ಲಿ ನಮ್ಮ ದೇಶದ ವಸ್ತುವಿಜ್ಞಾನಿ ಇ.ಸಿ. ಸುಬ್ಬರಾವ್ ಒಬ್ಬರು.

ದೋಷಗಳನ್ನು ನಾಲ್ಕು ಗುಂಪು ಮಾಡಬಹುದು. ಒಂದು, ಬಿಸ್ಮತ್ ಆವಿಯಾಗಿ ಉಳಿದ ಖಾಲಿ ಸ್ಥಾನ ಮತ್ತು ಅದರ ಬೆನ್ನಿಗೇ ಹುಟ್ಟುವ ಆಕ್ಸಿಜನ್ ಖಾಲಿ ಸ್ಥಾನ. ಎರಡು, ಒಂದರ ಜಾಗದಲ್ಲಿ ಇನ್ನೊಂದು ಅಯಾನು. ಮೂರು, ಪೇರಿಕೆಯ ತಪ್ಪು: ಮೂರು ಅಂತಸ್ತಿರಬೇಕಾದಲ್ಲಿ ಎರಡೋ ನಾಲ್ಕೋ. ನಾಲ್ಕು, ಕಣದ ಅಂಚು, ಡೊಮೇನ್ ಗೋಡೆ (ಧ್ರುವೀಕರಣದ ದಿಕ್ಕು ಬದಲಾಗುವ ಗಡಿ), ಒಳಸೆಳೆತ. ಇವುಗಳನ್ನು ಬೇರ್ಪಡಿಸಲು ದುಬಾರಿ ಉಪಕರಣವೇ ಬೇಕೆಂದಿಲ್ಲ. ಆವರ್ತನ, ಕಾಯಿಸುವ ವೇಗ, ಸುತ್ತಲಿನ ಅನಿಲ, ಎಷ್ಟನೇ ಸುತ್ತು, ಈ ನಾಲ್ಕರಲ್ಲಿ ಒಂದನ್ನು ಮಾತ್ರ ಬದಲಿಸಿ ಶಿಖರ ಯಾವುದರ ಹಿಂದೆ ಹೋಗುತ್ತದೆ ಎಂದು ನೋಡಿದರೆ ಹೆಚ್ಚಿನ ಪ್ರಶ್ನೆಗೆ ಉತ್ತರ ಸಿಗುತ್ತದೆ. ಮುಂದಿನ ಎಲ್ಲ ಪರೀಕ್ಷೆಗಳೂ ಇದರ ಮೇಲೆಯೇ ನಿಂತಿವೆ.

ಕುಲುಮೆ ಹಚ್ಚುವ ಮೊದಲು: ಕಣ್ಣು, ತಕ್ಕಡಿ, ಮೈಕ್ರೋಮೀಟರ್

ಬಿಲ್ಲೆಯ ಬಣ್ಣ ನೋಡಿ. ಚೆನ್ನಾಗಿ ಬೆಂದದ್ದು ಕೆನೆ ಬಣ್ಣ ಅಥವಾ ತಿಳಿ ಹಳದಿ ಇರುತ್ತದೆ. ಬೂದು ಅಥವಾ ಕಪ್ಪು ಛಾಯೆ ಇದ್ದರೆ ಆಕ್ಸಿಜನ್ ಸಾಲದೆ ಅಪಕರ್ಷಣೆಯಾಗಿರಬಹುದು, ಇಲ್ಲವೇ ಅಂಟಿಗೆ ಹಾಕಿದ ಪಿವಿಎ ಪೂರ್ತಿ ಸುಡದೆ ಇಂಗಾಲ ಉಳಿದಿರಬಹುದು. ಕಂದು ಛಾಯೆ ಕಂಡರೆ ಪುಡಿ ಮಾಡಿದ್ದು ಉಕ್ಕಿನ ಡಬ್ಬಿಯಲ್ಲೇ ಎಂದು ಮೊದಲು ವಿಚಾರಿಸಿ. ಕಬ್ಬಿಣ ಈ ಹರಳಿನೊಳಗೆ ಸುಲಭವಾಗಿ ಸೇರಿಕೊಳ್ಳುತ್ತದೆ. ಅಂಚು ಒಂದು ಬಣ್ಣ, ನಡುವೆ ಒಂದು ಬಣ್ಣ ಇದ್ದರೆ ಬಿಲ್ಲೆಯ ಉದ್ದಗಲಕ್ಕೂ ಸಂಯೋಜನೆ ಒಂದೇ ಇಲ್ಲ ಎಂದೇ ಅರ್ಥ. ಅಂಥ ಬಿಲ್ಲೆಯಲ್ಲಿ ಶಿಖರ ಚೂಪಾಗಿರಲು ಸಾಧ್ಯವಿಲ್ಲ.

ಆಮೇಲೆ ತೂಕ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಮಾಹಿತಿ ಕೊಡುವ ಪರೀಕ್ಷೆ ಇನ್ನೊಂದಿಲ್ಲ. ಒಟ್ಟು ಬಿಸ್ಮತ್‌ನ ನೂರಕ್ಕೆ ಒಂದು ಭಾಗ ಬಿಸ್ಮತ್ ಆಕ್ಸೈಡ್ ರೂಪದಲ್ಲಿ ಹಾರಿಹೋದರೆ ಬಿಲ್ಲೆಯ ತೂಕ ಶೇ. 0.8ರಷ್ಟು ಇಳಿಯುತ್ತದೆ. 10 ಮಿ.ಮೀ. ಅಗಲ, 1 ಮಿ.ಮೀ. ದಪ್ಪದ ಬಿಲ್ಲೆ ಸುಮಾರು 0.6 ಗ್ರಾಂ ತೂಗುತ್ತದೆ. ಅದರಲ್ಲಿ ಆ ನಷ್ಟ 4.8 ಮಿಲಿಗ್ರಾಂ. ನಾಲ್ಕು ದಶಮಾಂಶದ ತಕ್ಕಡಿ ಇದನ್ನು ನಿರಾಯಾಸವಾಗಿ ಹಿಡಿಯುತ್ತದೆ. ಆದರೆ ಹಸಿ ಬಿಲ್ಲೆಯ ತೂಕವನ್ನು ಆರಂಭದ ತೂಕವೆಂದು ಹಿಡಿಯಬೇಡಿ. 600°ಸೆನಲ್ಲಿ ಅಂಟು ಸುಟ್ಟು ಹೋದ ಮೇಲಿನ ತೂಕವೇ ಆರಂಭದ್ದು. ಬಿಸ್ಮತ್ ಆಕ್ಸೈಡನ್ನು ತೂಕದಲ್ಲಿ ಶೇ. 3 ಹೆಚ್ಚಿಗೆ ಹಾಕಿದ್ದರೆ ಇಷ್ಟು ದೊಡ್ಡ ಬಿಲ್ಲೆಯಲ್ಲಿ ಮೊದಲ 14 ಮಿಲಿಗ್ರಾಂ ಇಳಿಕೆ ಆ ಹೆಚ್ಚುವರಿಯದ್ದು. ಅದಕ್ಕಿಂತ ಮುಂದೆ ಇಳಿದರೆ ಹರಳಿನದ್ದೇ ಹೋಗುತ್ತಿದೆ.

ಮೂರನೆಯದು ಸಾಂದ್ರತೆ. ಪೂರ್ಣ ಸಾಂದ್ರತೆ ಘನ ಸೆಂ.ಮೀ.ಗೆ 8.04 ಗ್ರಾಂ. ಶೇ. 95 ತಲುಪಲು 7.64 ಬೇಕು. ಶೇ. 90ಕ್ಕಿಂತ ಕೆಳಗಿದ್ದರೆ ದೋಷದ ಚರ್ಚೆ ಬದಿಗಿಟ್ಟು ಬೇಯಿಸುವ ಕ್ರಮ ಸರಿಪಡಿಸಿ, ಏಕೆಂದರೆ ರಂಧ್ರಗಳೇ ಶಿಖರವನ್ನು ಕುಗ್ಗಿಸಿ ಹರಡುತ್ತವೆ.

ನಾಲ್ಕನೆಯದು ಕೊಠಡಿ ತಾಪದ ಕೆಪಾಸಿಟನ್ಸ್. ಮೇಲಿನ ಅಳತೆಯ ಬಿಲ್ಲೆಗೆ ಎರಡೂ ಮುಖಕ್ಕೆ ಪೂರ್ತಿ ಎಲೆಕ್ಟ್ರೋಡ್ ಹಚ್ಚಿದರೆ 1 ಮೆಗಾಹರ್ಟ್ಸ್‌ನಲ್ಲಿ ಸುಮಾರು 90ರಿಂದ 140 ಪಿಕೋಫ್ಯಾರಡ್ ಬರಬೇಕು. 40 ಬಂದರೆ ಎಲೆಕ್ಟ್ರೋಡ್ ಸಿಪ್ಪೆ ಏಳುತ್ತಿದೆ ಅಥವಾ ಬಿಲ್ಲೆ ಬಿರುಕು ಬಿಟ್ಟಿದೆ.

ಲಕ್ಷಣ: ಶಿಖರ ಇದೆ, ಆದರೆ ತಪ್ಪು ತಾಪದಲ್ಲಿ

ಮೊದಲು ಥರ್ಮೋಕಪಲ್. ಅದರ ತುದಿ ಬಿಲ್ಲೆಯಿಂದ 2–3 ಮಿ.ಮೀ.ಗಿಂತ ದೂರ ಇರಬಾರದು. ಕುಲುಮೆಯ ನಿಯಂತ್ರಕ ತೋರಿಸುವ ಅಂಕಿ ಬಿಲ್ಲೆಯ ತಾಪವಲ್ಲ. ಎರಡರ ನಡುವೆ 20–30 ಡಿಗ್ರಿ ವ್ಯತ್ಯಾಸ ಸಾಮಾನ್ಯ. ಖಚಿತಪಡಿಸಿಕೊಳ್ಳಲು ಗೊತ್ತಿರುವ ವಸ್ತುವನ್ನೇ ಅಲ್ಲಿಟ್ಟು ಅಳೆಯಿರಿ. ಸ್ಫಟಿಕ ಶಿಲೆಯ ಆಲ್ಫಾ-ಬೀಟಾ ಪರಿವರ್ತನೆ 573°ಸೆನಲ್ಲಿದೆ, ಅಲ್ಯೂಮಿನಿಯಂ ಕರಗುವುದು 660.3°ಸೆನಲ್ಲಿ. ಇವೆರಡೂ ನಮ್ಮ 675ಕ್ಕೆ ಹತ್ತಿರ ಇರುವುದು ಅನುಕೂಲ.

ಇಲ್ಲೇ ಒಂದು ಎಚ್ಚರಿಕೆ. ಡಿಎಸ್‌ಸಿ (ಕಾಯಿಸುವಾಗ ವಸ್ತು ಹೀರುವ, ಬಿಡುವ ಶಾಖ ಅಳೆಯುವ) ಉಪಕರಣದ ಜೊತೆ ಬರುವ ಸಾಮಾನ್ಯ ಅಲ್ಯೂಮಿನಿಯಂ ತಟ್ಟೆಯನ್ನು ಈ ಮಾಪನಕ್ಕೆ ಎಂದಿಗೂ ಬಳಸಬೇಡಿ. ಪರಿವರ್ತನೆಗೆ 15 ಡಿಗ್ರಿ ಮೊದಲೇ ತಟ್ಟೆ ಕರಗಿ ಸಂವೇದಕಕ್ಕೆ ಅಂಟಿಕೊಂಡು ಅದನ್ನು ಹಾಳು ಮಾಡುತ್ತದೆ. ಅಲ್ಯೂಮಿನಾ ತಟ್ಟೆ ಹಾಕಿ. ಬರೀ ಪ್ಲಾಟಿನಂ ತಟ್ಟೆಯೂ ಬೇಡ. ಬಿಸ್ಮತ್ ಎಲ್ಲಾದರೂ ಲೋಹವಾಗಿ ಇಳಿದರೆ ಪ್ಲಾಟಿನಂ ಜೊತೆ ಸೇರಿ ಬೇಗ ಕರಗುವ ಮಿಶ್ರಲೋಹವಾಗುತ್ತದೆ, ತಟ್ಟೆ ತೂತು ಬೀಳುತ್ತದೆ.

ಥರ್ಮೋಕಪಲ್ ಸರಿ ಇದ್ದೂ ಶಿಖರ ತಪ್ಪಿದರೆ ಸಂಯೋಜನೆಯನ್ನು ಅನುಮಾನಿಸಿ. ಬಿಸ್ಮತ್ ಜಾಗಕ್ಕೆ ಲ್ಯಾಂಥನಂ ಸೇರಿದರೆ ಪರಿವರ್ತನೆಯ ತಾಪ ಬಹಳ ಕುಸಿಯುತ್ತದೆ: ನಾಲ್ಕು ಬಿಸ್ಮತ್‌ನಲ್ಲಿ 0.75 ಭಾಗ ಬದಲಾದರೆ 400°ಸೆ ಆಸುಪಾಸಿಗೆ ಬಂದುಬಿಡುತ್ತದೆ. ಬಿಸ್ಮತ್‌ನ ಹೊರಗಿನ ಒಂಟಿ ಎಲೆಕ್ಟ್ರಾನ್ ಜೋಡಿ ಪಕ್ಕದ ಆಕ್ಸಿಜನ್‌ಗಳನ್ನು ಒಂದು ಬದಿಗೆ ಎಳೆದು ಹರಳನ್ನು ವಾರೆ ಮಾಡುತ್ತದೆ. ಲ್ಯಾಂಥನಂಗೆ ಆ ಜೋಡಿ ಇಲ್ಲ. ವಾರೆ ಕಡಿಮೆಯಾದಷ್ಟೂ ಅದನ್ನು ನೇರ ಮಾಡಲು ಬೇಕಾದ ಶಾಖ ಕಡಿಮೆ. ಟೈಟೇನಿಯಂ ಜಾಗಕ್ಕೆ ಹೋಗುವ ನಿಯೋಬಿಯಂ ಕೂಡ ತಾಪವನ್ನು ಇಳಿಸುತ್ತದೆ, ಆದರೆ ಸ್ವಲ್ಪ.

ಖಾಲಿ ಸ್ಥಾನ ಹೆಚ್ಚಾದರೆ ತಾಪ ಯಾವಾಗಲೂ ಇಳಿಯುತ್ತದೆ ಎಂದುಕೊಳ್ಳುವುದು ತಪ್ಪು. ಇದೇ ಕುಟುಂಬದ ಎರಡು ಅಂತಸ್ತಿನ ಸ್ಟ್ರಾನ್ಷಿಯಂ ಬಿಸ್ಮತ್ ಟ್ಯಾಂಟಲೇಟನ್ನು ನೋಡಿ. ಲೆಕ್ಕಕ್ಕೆ ಸರಿಯಾಗಿ ಬೆರೆಸಿದ್ದು ಸುಮಾರು 300–330°ಸೆನಲ್ಲಿ ಬದಲಾಗುತ್ತದೆ. ಸ್ಟ್ರಾನ್ಷಿಯಂ 0.8ಕ್ಕೆ ಇಳಿಸಿ ಬಿಸ್ಮತ್ 2.2ಕ್ಕೆ ಏರಿಸಿದರೆ, ಸ್ಟ್ರಾನ್ಷಿಯಂ ಜಾಗದಲ್ಲಿ ಬಿಸ್ಮತ್ ಕೂತು ಕೆಲವು ಜಾಗ ಖಾಲಿ ಉಳಿದು, ಪರಿವರ್ತನೆ 400°ಸೆ ಹತ್ತಿರಕ್ಕೆ ಏರುತ್ತದೆ. ಆದ್ದರಿಂದ ಶಿಖರ ಯಾವ ಕಡೆ ಜಾರಿದೆ ಎನ್ನುವುದೊಂದನ್ನೇ ನೋಡಿ ದೋಷದ ಹೆಸರು ಹೇಳಲಾಗದು.

ಲಕ್ಷಣ: ಶಿಖರವೇ ಇಲ್ಲ, ಗೆರೆ ಮೇಲಕ್ಕೆ ಹೋಗುತ್ತಲೇ ಇದೆ

ಇದು ಪರಿವರ್ತನೆ ಇಲ್ಲ ಎಂಬುದರ ಗುರುತಲ್ಲ. ಬಿಲ್ಲೆಯಲ್ಲಿ ವಿದ್ಯುತ್ ಸೋರುತ್ತಿದೆ, ಆ ಸೋರಿಕೆ ಶಿಖರವನ್ನು ಮುಳುಗಿಸಿದೆ. 600°ಸೆ ಮೇಲೆ 1 ಕಿಲೋಹರ್ಟ್ಸ್‌ನಲ್ಲಿ ಟ್ಯಾನ್ ಡೆಲ್ಟಾ (ವಿದ್ಯುತ್ ನಷ್ಟದ ಅಳತೆ) 1 ದಾಟಿದ್ದರೆ ಆ ಅಂಕಿಗಳನ್ನು ಡೈಎಲೆಕ್ಟ್ರಿಕ್ ಸ್ಥಿರಾಂಕ ಎಂದು ಕರೆಯುವುದೇ ಸರಿಯಲ್ಲ.

ಮೊದಲ ಪರಿಹಾರಕ್ಕೆ ಕಾಸು ಖರ್ಚಿಲ್ಲ. 1 ಮೆಗಾಹರ್ಟ್ಸ್‌ಗೆ ಹೋಗಿ. ಚಾರ್ಜುಗಳು ಅಷ್ಟು ವೇಗಕ್ಕೆ ದೂರ ಚಲಿಸಲಾರವು, ಶಿಖರ ತಲೆ ಎತ್ತುತ್ತದೆ. ಉದ್ದದ ತಂತಿಗಳಿದ್ದರೆ ಅಷ್ಟು ಆವರ್ತನದಲ್ಲಿ ತಂತಿಯದೇ ಪ್ರಭಾವ ಸೇರುತ್ತದೆ, ಆದ್ದರಿಂದ ಓಪನ್ ಮತ್ತು ಶಾರ್ಟ್ ಸರ್ಕ್ಯೂಟ್ ತಿದ್ದುಪಡಿಯನ್ನು ಮೊದಲೇ ಮಾಡಿಕೊಳ್ಳಿ. ಎರಡನೆಯದು ಎಲೆಕ್ಟ್ರೋಡ್. ಬೆಳ್ಳಿ ಪೇಸ್ಟ್ ಅಗ್ಗ, ಆದರೆ ಈ ತಾಪದಲ್ಲಿ ಬೆಳ್ಳಿ ಕಣದ ಅಂಚುಗಳಿಗೆ ಇಳಿಯುತ್ತದೆ. 500°ಸೆ ಮೇಲಿನ ಕೆಲಸಕ್ಕೆ ಚಿನ್ನ ಅಥವಾ ಪ್ಲಾಟಿನಂ ಪೇಸ್ಟ್ ಬಳಸಿ. ಬಿಲ್ಲೆಯ ಪಕ್ಕದ ಅಂಚಿಗೆ ಪೇಸ್ಟ್ ಹರಿದಿದ್ದರೆ ಉಜ್ಜಿ ತೆಗೆಯಿರಿ.

ಇಷ್ಟಾದರೂ ಸೋರಿಕೆ ಹೋಗದಿದ್ದರೆ ಈಗ ದೋಷದ ಸರದಿ. ಬಿಸ್ಮತ್ ಆಕ್ಸೈಡ್ ಹಾರಿಹೋದಾಗ ಎರಡು ಬಿಸ್ಮತ್ ಜಾಗಗಳ ಜೊತೆ ಮೂರು ಆಕ್ಸಿಜನ್ ಜಾಗಗಳೂ ಖಾಲಿಯಾಗುತ್ತವೆ. ತಣಿಯುವಾಗ ಗಾಳಿಯ ಆಕ್ಸಿಜನ್ ಕೆಲವು ಖಾಲಿ ಜಾಗಗಳನ್ನು ತುಂಬುತ್ತದೆ, ಆದರೆ ಅದು ಎಲೆಕ್ಟ್ರಾನ್ ಎಳೆದುಕೊಳ್ಳುವುದರಿಂದ ಹರಳಿನಲ್ಲಿ ಧನ ರಂಧ್ರಗಳು (ಎಲೆಕ್ಟ್ರಾನ್ ಕೊರತೆಯ ಜಾಗಗಳು) ಉಳಿಯುತ್ತವೆ. ಬಿಸ್ಮತ್ ಟೈಟನೇಟ್ ಗಾಳಿಯಲ್ಲಿ ಪಿ ಬಗೆಯ ವಾಹಕ ಆಗಿರುವುದು ಹೀಗೆ. ಪರೀಕ್ಷೆ ಮಾಡಬೇಕೆಂದರೆ ಒಂದೇ ಬಿಲ್ಲೆಯನ್ನು 800°ಸೆನಲ್ಲಿ 12 ಗಂಟೆ ಶುದ್ಧ ಆಕ್ಸಿಜನ್ನಿನಲ್ಲಿಟ್ಟು ನಿಮಿಷಕ್ಕೆ 1 ಡಿಗ್ರಿಯಂತೆ ತಣಿಸಿ ಅಳೆಯಿರಿ. ನಂತರ ಅದನ್ನೇ ನೈಟ್ರೋಜನ್ನಿನಲ್ಲಿ ಇಟ್ಟು ಅಳೆಯಿರಿ. ಆಕ್ಸಿಜನ್ನಿನಲ್ಲಿ ಸೋರಿಕೆ ಹೆಚ್ಚಾದರೆ ಸಾಗಿಸುತ್ತಿರುವುದು ಧನ ರಂಧ್ರಗಳು. ಕಡಿಮೆಯಾದರೆ ಎಲೆಕ್ಟ್ರಾನ್‌ಗಳು ಅಥವಾ ಆಕ್ಸಿಜನ್ ಖಾಲಿ ಸ್ಥಾನಗಳೇ. ‘ಆಕ್ಸಿಜನ್ ಕೊಟ್ಟರೂ ಸರಿಹೋಗಲಿಲ್ಲ’ ಎಂದು ಗಾಬರಿಯಾಗುವ ಅಗತ್ಯವಿಲ್ಲ. ಬಿಸ್ಮತ್ ನಷ್ಟದ ಜೊತೆ ಹುಟ್ಟಿದ ಖಾಲಿ ಸ್ಥಾನವನ್ನು ಬರೀ ಆಕ್ಸಿಜನ್ ಪೂರ್ತಿ ಮುಚ್ಚಲಾರದು. ಬಿಸ್ಮತ್ ಮರಳಿ ಸಿಕ್ಕರೆ ಮಾತ್ರ ಅದು ಪೂರ್ತಿ ಮುಚ್ಚುತ್ತದೆ.

ಹಾಗಾಗಿ ನಿಜವಾದ ಪರಿಹಾರ ತಯಾರಿಕೆಯಲ್ಲಿದೆ. 20 ಗ್ರಾಂ ಪುಡಿಗೆ ಬಿಸ್ಮತ್ ಆಕ್ಸೈಡ್ 15.910 ಗ್ರಾಂ, ಟೈಟೇನಿಯಂ ಡೈಆಕ್ಸೈಡ್ 4.090 ಗ್ರಾಂ. ಬಿಸ್ಮತ್ ಆಕ್ಸೈಡ್ ಡಬ್ಬಿಯಲ್ಲೇ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಭಾಗಶಃ ಕಾರ್ಬೋನೇಟ್ ಆಗಿರುತ್ತದೆ. 500°ಸೆನಲ್ಲಿ ಕೆಲವು ಗಂಟೆ ಕಾಯಿಸದೆ ತೂಗಿದರೆ ಮೊದಲ ಹೆಜ್ಜೆಯಲ್ಲೇ ಬಿಸ್ಮತ್ ಕೊರತೆ ಬೀಳುತ್ತದೆ. 750–800°ಸೆನಲ್ಲಿ 4 ಗಂಟೆ ಹುರಿಯಿರಿ. ಬಿಲ್ಲೆಯನ್ನು ಅದೇ ಪುಡಿಯ ಹಾಸಿನಲ್ಲಿ ಹೂತು, ಮುಚ್ಚಳವಿರುವ ಅಲ್ಯೂಮಿನಾ ಮೂಸೆಯಲ್ಲಿ 1000–1100°ಸೆ ನಡುವೆ ಒಂದೆರಡು ಗಂಟೆ ಬೇಯಿಸಿ. ಸುತ್ತಲಿನ ಪುಡಿ ಬಿಸ್ಮತ್ ಆವಿ ಕೊಟ್ಟು ಬಿಲ್ಲೆಯದ್ದನ್ನು ಕಾಯುತ್ತದೆ. ಟೈಟೇನಿಯಂನ ಶೇ. 1–3 ಭಾಗಕ್ಕೆ ನಿಯೋಬಿಯಂ ಹಾಕುವುದು ಇನ್ನೊಂದು ದಾರಿ. ಅದರ ಹೆಚ್ಚುವರಿ ಎಲೆಕ್ಟ್ರಾನ್ ಧನ ರಂಧ್ರಗಳನ್ನು ನುಂಗುವುದರಿಂದ ಸೋರಿಕೆ ಸಾವಿರ ಪಟ್ಟಿನವರೆಗೆ ಇಳಿಯಬಲ್ಲದು.

ಯಾವ ಕಾರಣಕ್ಕೂ ಈ ವಸ್ತುವನ್ನು ಹೈಡ್ರೋಜನ್ ಮಿಶ್ರಿತ ಅನಿಲದಲ್ಲಿ ಕಾಯಿಸಬೇಡಿ. ಬಿಸ್ಮತ್ ಲೋಹವಾಗಿ ಬೇರ್ಪಟ್ಟು ಬಿಲ್ಲೆಯ ಜೊತೆ ಪ್ಲಾಟಿನಂ ತಂತಿಯೂ ಥರ್ಮೋಕಪಲ್ಲೂ ಹಾಳಾಗುತ್ತವೆ. ಆಕ್ಸಿಜನ್ ಸಿಲಿಂಡರಿನ ರೆಗ್ಯುಲೇಟರಿಗೆ ಎಣ್ಣೆ ಅಥವಾ ಗ್ರೀಸ್ ತಾಗಿಸಬೇಡಿ, ಬೆಂಕಿ ಹೊತ್ತಿಕೊಳ್ಳುತ್ತದೆ. ನೈಟ್ರೋಜನ್ ಹರಿಸುವ ಕೋಣೆಯಲ್ಲಿ ಗಾಳಿಯಾಡಬೇಕು.

ಲಕ್ಷಣ: ಆವರ್ತನ ಬದಲಿಸಿದರೆ ಶಿಖರ ಜಾರುತ್ತದೆ

ಎರಡು ಉಬ್ಬುಗಳನ್ನು ಬೇರೆ ಬೇರೆ ಗುರುತಿಸಿ. ಶುದ್ಧ ಬಿಸ್ಮತ್ ಟೈಟನೇಟಿನಲ್ಲಿ 675ರ ಶಿಖರ 10 ಕಿಲೋಹರ್ಟ್ಸ್‌ಗೂ 1 ಮೆಗಾಹರ್ಟ್ಸ್‌ಗೂ ಒಂದೇ ತಾಪದಲ್ಲಿರಬೇಕು. ಎತ್ತರ ಬದಲಾಗಬಹುದು, ಜಾಗ ಬದಲಾಗಬಾರದು. ಅದಕ್ಕಿಂತ ಕೆಳಗೆ, 300–550°ಸೆ ನಡುವೆ, ಆವರ್ತನ ಏರಿದಂತೆ ಮೇಲಿನ ತಾಪಕ್ಕೆ ಸರಿಯುವ ಅಗಲವಾದ ಉಬ್ಬೊಂದು ಇದ್ದರೆ ಅದು ಪರಿವರ್ತನೆಯೇ ಅಲ್ಲ. ಪಕ್ಕದ ಖಾಲಿ ಸ್ಥಾನಕ್ಕೆ ಆಕ್ಸಿಜನ್ ಜಿಗಿಯುವಾಗ ಆಗುವ ಶಿಥಿಲತೆ (ರಿಲ್ಯಾಕ್ಸೇಶನ್) ಅದು. ಉಬ್ಬಿನ ತಾಪವನ್ನು ಕೆಲ್ವಿನ್‌ಗೆ ಬದಲಿಸಿ ಅದರ ವಿಲೋಮಕ್ಕೆ ಎದುರಾಗಿ ಆವರ್ತನದ ಲಾಗ್ ಎಳೆಯಿರಿ. ನೇರ ಗೆರೆ ಬಂದು ಅದರ ಶಕ್ತಿ ಸುಮಾರು 1 ಎಲೆಕ್ಟ್ರಾನ್ ವೋಲ್ಟ್ ಆಸುಪಾಸಿನಲ್ಲಿದ್ದರೆ ಆಕ್ಸಿಜನ್ ಖಾಲಿ ಸ್ಥಾನವನ್ನು ಧೈರ್ಯವಾಗಿ ಅನುಮಾನಿಸಬಹುದು.

ಇನ್ನೊಂದು ಸುಳ್ಳು ಉಬ್ಬು ಎಲೆಕ್ಟ್ರೋಡ್ ಅಂಚಿನಲ್ಲಿ ಚಾರ್ಜ್ ಜಮೆಯಾಗುವುದರಿಂದ ಬರುತ್ತದೆ. ಒಂದೇ ಕುಲುಮೆಯಲ್ಲಿ ಬೆಂದ 0.5 ಮತ್ತು 1 ಮಿ.ಮೀ. ದಪ್ಪದ ಎರಡು ಬಿಲ್ಲೆಗಳನ್ನು ಅಳೆದರೆ ತಿಳಿಯುತ್ತದೆ. ದಪ್ಪಕ್ಕೆ ತಕ್ಕಂತೆ ಉಬ್ಬು ಬದಲಾದರೆ ಅದು ಮುಖದ ಮೇಲಿನದ್ದು, ಒಳಗಿನದ್ದಲ್ಲ.

ಮುಖ್ಯ ಶಿಖರವೇ ಜಾರುತ್ತಿದ್ದರೆ ಮಾತ್ರ ರಿಲ್ಯಾಕ್ಸರ್ ಎಂಬ ಪದ ಬಳಸಿ. ಅದಕ್ಕೆ ಅಯಾನುಗಳ ಅಡ್ಡಾದಿಡ್ಡಿ ಹಂಚಿಕೆ ಬೇಕು. ಬೇರಿಯಂ ಇರುವ ನಾಲ್ಕು ಅಂತಸ್ತಿನ ಬಿಸ್ಮತ್ ಟೈಟನೇಟಿನಲ್ಲಿ ಬೇರಿಯಂ ಕೂಡ ಬಿಸ್ಮತ್ ಪದರಕ್ಕೆ ನುಗ್ಗುವುದರಿಂದ ಈ ನಡವಳಿಕೆ ಕಾಣುತ್ತದೆ. ಶುದ್ಧ ಮೂರು ಅಂತಸ್ತಿನದ್ದರಲ್ಲಿ ಕಂಡರೆ ಶುದ್ಧತೆಯನ್ನೇ ಪ್ರಶ್ನಿಸಿ.

ಲಕ್ಷಣ: ಶಿಖರ ಸರಿಯಾದ ಜಾಗದಲ್ಲಿದೆ, ಆದರೆ ಗುಡ್ಡದ ಹಾಗಿದೆ

ಕಾಯಿಸುವ ವೇಗವನ್ನು ನಿಮಿಷಕ್ಕೆ 5 ಡಿಗ್ರಿಯಿಂದ 1ಕ್ಕೆ ಇಳಿಸಿ ನೋಡಿ. ಚೂಪಾದರೆ ಬಿಲ್ಲೆಯೊಳಗಿನ ತಾಪದ ಏರುಪೇರೇ ಕಾರಣ, ವಿಷಯ ಮುಗಿಯಿತು.

ಆಗದಿದ್ದರೆ ಹರಡುವಿಕೆಯನ್ನು ಅಂಕಿಯಲ್ಲಿ ಹೇಳಿ. ಶಿಖರದ ಮೇಲಿನ ತಾಪಗಳಲ್ಲಿ ಸ್ಥಿರಾಂಕದ ವಿಲೋಮದಿಂದ ಶಿಖರದ ವಿಲೋಮವನ್ನು ಕಳೆದು, ಅದರ ಲಾಗ್ ಅನ್ನು ತಾಪದ ಅಂತರದ ಲಾಗ್‌ಗೆ ಎದುರಾಗಿ ಎಳೆಯಿರಿ. ಇಳಿಜಾರು 1ರ ಹತ್ತಿರವಿದ್ದರೆ ಸಾಮಾನ್ಯ ಪರಿವರ್ತನೆ, 2ರ ಹತ್ತಿರವಿದ್ದರೆ ಪೂರ್ತಿ ಹರಡಿದ್ದು. ಈ ಲೆಕ್ಕಕ್ಕೆ 1 ಮೆಗಾಹರ್ಟ್ಸ್ ಮಾಹಿತಿಯನ್ನೇ ತೆಗೆದುಕೊಳ್ಳಿ. ಸೋರಿಕೆ ಬೆರೆತ ಕಿಲೋಹರ್ಟ್ಸ್ ಅಂಕಿಗಳಿಂದ ಬಂದ 1.6, 1.7 ಇಳಿಜಾರುಗಳಿಗೆ ಯಾವ ಅರ್ಥವೂ ಇಲ್ಲ.

ಹರಡುವುದೇಕೆ? ಹರಳಿನ ಪ್ರತಿ ಚಿಕ್ಕ ಭಾಗವೂ ತನ್ನ ಸುತ್ತಲಿನ ದೋಷಕ್ಕೆ ತಕ್ಕ ತಾಪದಲ್ಲಿ ಬದಲಾಗುತ್ತದೆ. ಒಂದು ಕಡೆ ಎರಡು ಖಾಲಿ ಸ್ಥಾನ, ಇನ್ನೊಂದು ಕಡೆ ಒಂದೂ ಇಲ್ಲ ಎಂದರೆ ಎರಡೂ ಒಟ್ಟಿಗೆ ಬದಲಾಗುವುದಿಲ್ಲ. ನಾವು ಅಳೆಯುವುದು ಅವೆಲ್ಲದರ ಮೊತ್ತ. ಪದರ ರಚನೆಯಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ಪೆರೋವ್‌ಸ್ಕೈಟ್ ಅಂತಸ್ತುಗಳ ನಡುವೆ ಬಿಸ್ಮತ್ ಆಕ್ಸೈಡ್ ಪದರ ಅಡ್ಡ ನಿಂತಿರುವುದರಿಂದ ಒಂದು ಅಂತಸ್ತಿನ ವಾಲುವಿಕೆ ಮುಂದಿನದಕ್ಕೆ ಸರಾಗವಾಗಿ ದಾಟುವುದಿಲ್ಲ. ಪೇರಿಕೆ ತಪ್ಪಿದ ಕಡೆ ಆ ಕೊಂಡಿ ಇನ್ನಷ್ಟು ಸಡಿಲ.

ಪೇರಿಕೆ ತಪ್ಪಿದೆಯೇ ಎಂದು ಎಕ್ಸ್‌ಆರ್‌ಡಿ (ಎಕ್ಸ್ ಕಿರಣ ವಿವರ್ತನೆ) ಹೇಳುತ್ತದೆ. ತಾಮ್ರದ ಕಿರಣಕ್ಕೆ 006 (ಎ, ಬಿ, ಸಿ ಅಕ್ಷಕ್ಕೆ ಒಂದೊಂದರಂತೆ ಮೂರು ಅಂಕಿ; 0014 ಎಂದರೆ 0, 0, 14) ಶಿಖರ 16.2 ಡಿಗ್ರಿಯಲ್ಲಿ, 008 ಶಿಖರ 21.6ರಲ್ಲಿ, 0014 ಶಿಖರ 38.3ರಲ್ಲಿ ಬರುತ್ತವೆ. ಇವು ಮಾತ್ರ ಅಗಲವಾಗಿ, 200 ಮತ್ತು 020 ಚೂಪಾಗಿದ್ದರೆ ದೋಷ ಸಿ ಅಕ್ಷದ ಪೇರಿಕೆಯಲ್ಲಿದೆ. ಎಲ್ಲವೂ ಒಂದೇ ರೀತಿ ಅಗಲವಾಗಿದ್ದರೆ ಕಣ ಚಿಕ್ಕದು ಅಥವಾ ಒಳಸೆಳೆತ ಇದೆ. ಬಿಲ್ಲೆಯನ್ನೇ ಇಟ್ಟು ಅಳೆಯುವುದಕ್ಕಿಂತ ಪುಡಿ ಮಾಡಿ ಅಳೆಯುವುದು ಮೇಲು, ಆದರೆ ಜೋರಾಗಿ ಅರೆಯಬೇಡಿ, ಅರೆಯುವಿಕೆಯೇ ಪೇರಿಕೆ ತಪ್ಪಿಸುತ್ತದೆ.

ಶಿಖರ ಚೂಪಾಗಿದ್ದೂ ಗಿಡ್ಡವಾಗಿದ್ದರೆ ದೋಷ ಹುಡುಕಲು ಓಡಬೇಡಿ. ಈ ಹರಳುಗಳು ತಟ್ಟೆಯಾಕಾರದವು, ಒತ್ತಿದಾಗ ಚಪ್ಪಟೆ ಮಲಗುತ್ತವೆ. ಧ್ರುವೀಕರಣ ಬಹುಪಾಲು ಎ ಅಕ್ಷದ ಕಡೆಗೆ, ಚದರ ಸೆಂ.ಮೀ.ಗೆ ಸುಮಾರು 50 ಮೈಕ್ರೋಕೂಲಂಬ್. ಸಿ ಅಕ್ಷದ ಕಡೆ ಬರೀ 4. ಮಲಗಿದ ತಟ್ಟೆಗಳ ಮೇಲಿಂದ ಕೆಳಗೆ ಅಳೆದರೆ ಶಿಖರ ಗಿಡ್ಡವಾಗಿಯೇ ಬರುತ್ತದೆ. ಬಿಲ್ಲೆಯನ್ನು ಅಡ್ಡ ಕೊಯ್ದು ಇನ್ನೊಂದು ದಿಕ್ಕಿನಲ್ಲಿ ಅಳೆಯಿರಿ.

ಲಕ್ಷಣ: ಎರಡು ಶಿಖರ, ಅಥವಾ ಹೆಗಲ ಮೇಲೆ ಇನ್ನೊಂದು ಉಬ್ಬು

729°ಸೆ ಹತ್ತಿರ ಡಿಎಸ್‌ಸಿಯಲ್ಲಿ ಎದ್ದು ಕಾಣುವ ಶಿಖರ ಇದ್ದರೆ ಪ್ರತಿಕ್ರಿಯಿಸದೆ ಉಳಿದ ಬಿಸ್ಮತ್ ಆಕ್ಸೈಡ್ ಆಲ್ಫಾದಿಂದ ಡೆಲ್ಟಾಗೆ ಹೋಗುತ್ತಿದೆ. ತಣಿಸುವಾಗ ಅದೇ ಆಕ್ಸೈಡ್ 650°ಸೆ ಆಸುಪಾಸಿನಲ್ಲಿ ಬೀಟಾ ಅಥವಾ ಗಾಮಾ ರೂಪಕ್ಕೆ ಬೀಳುತ್ತದೆ. ನಮ್ಮ 675ಕ್ಕೆ ಅದು ತೀರ ಹತ್ತಿರ ಇರುವುದರಿಂದ ತಣಿಸುವ ಗೆರೆಯನ್ನು ಮಾತ್ರ ನೋಡಿದವರು ಮೋಸಹೋಗುತ್ತಾರೆ.

ಎಕ್ಸ್‌ಆರ್‌ಡಿಯಲ್ಲಿ ಬೇರೆ ಪ್ರಾವಸ್ಥೆಗಳನ್ನು ಹುಡುಕುವಾಗ ಜಾಗರೂಕತೆ ಬೇಕು. ಬಿಸ್ಮತ್ ಹೆಚ್ಚಾದಾಗ ಬರುವ ಸಿಲ್ಲೆನೈಟ್‌ನ ಮುಖ್ಯ ಶಿಖರ 27.7 ಡಿಗ್ರಿಯಲ್ಲಿದೆ, ಪಕ್ಕದಲ್ಲೇ 27.1ಕ್ಕೆ ನಮ್ಮ 0010 ಇದೆ, ಬೆರೆಸಿಕೊಳ್ಳಬೇಡಿ. ಬಿಸ್ಮತ್ ಕಡಿಮೆಯಾದಾಗ ಬರುವ ಪೈರೋಕ್ಲೋರ್‌ನ ಮುಖ್ಯ ಶಿಖರ 29.9ರಲ್ಲಿದ್ದು ನಮ್ಮ 117ರ ಕೆಳಗೆ, 30.1ರಲ್ಲಿ, ಅಡಗಿಕೊಳ್ಳುತ್ತದೆ. ಅದನ್ನು 14.8 ಡಿಗ್ರಿಯ ಸಣ್ಣ ಶಿಖರದಿಂದ ಹಿಡಿಯಬೇಕು, ಹಾಗಾಗಿ ಮಾಪನವನ್ನು 20ರಿಂದಲ್ಲ, 5 ಡಿಗ್ರಿಯಿಂದ ಶುರುಮಾಡಿ.

ಎಕ್ಸ್‌ಆರ್‌ಡಿ ಶುದ್ಧವಾಗಿದ್ದೂ ಎರಡು ಶಿಖರ ಉಳಿದರೆ ಹರಳಿನೊಳಗೇ ಬೇರೆ ಅಂತಸ್ತಿನ ಪಟ್ಟಿಗಳಿರಬಹುದು. ಕಬ್ಬಿಣ ಸೇರಿದಲ್ಲಿ ನಾಲ್ಕು ಅಂತಸ್ತಿನ ಪಟ್ಟಿ ಹುಟ್ಟುತ್ತದೆ, ಅದರ ಪರಿವರ್ತನೆ 730–750°ಸೆ. ಸ್ಟ್ರಾನ್ಷಿಯಂ ಸೇರಿದ ನಾಲ್ಕು ಅಂತಸ್ತಿನದು 520–530°ಸೆ. ಪಟ್ಟಿಗಳು ದಪ್ಪವಾಗಿದ್ದರೆ ಶಿಖರ ಎರಡಾಗುತ್ತದೆ. ಮೂರು-ನಾಲ್ಕು, ಮೂರು-ನಾಲ್ಕು ಎಂದು ಕ್ರಮವಾಗಿ ಹೆಣೆದುಕೊಂಡರೆ ಅದು ಹೊಸ ವಸ್ತುವೇ ಆಗಿ ನಡುವೆ ಎಲ್ಲೋ ಒಂದೇ ಶಿಖರ ಕೊಡುತ್ತದೆ. ಇಂಥ ಕ್ರಮಬದ್ಧ ಹೆಣಿಗೆಗಳ ಒಂದು ಸಾಲನ್ನೇ 1984ರಲ್ಲಿ ಜೆ. ಗೋಪಾಲಕೃಷ್ಣನ್, ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಯಾವುದನ್ನು ದೋಷ ಎನ್ನಬೇಕು, ಯಾವುದನ್ನು ರಚನೆ ಎನ್ನಬೇಕು ಎಂಬ ಪ್ರಶ್ನೆ ಈ ಕುಟುಂಬದಲ್ಲಿ ನಿಜಕ್ಕೂ ಸೂಕ್ಷ್ಮವಾದದ್ದು.

ಲಕ್ಷಣ: ಕಾಯಿಸುವಾಗ ಒಂದು ತಾಪ, ತಣಿಸುವಾಗ ಇನ್ನೊಂದು

ನಿಮಿಷಕ್ಕೆ 2, 5, 10 ಡಿಗ್ರಿಯಂತೆ ಮೂರು ಸಲ ಅಳೆದು ಅಂತರವನ್ನು ವೇಗಕ್ಕೆ ಎದುರಾಗಿ ಗುರುತಿಸಿ, ಗೆರೆಯನ್ನು ಸೊನ್ನೆ ವೇಗಕ್ಕೆ ಚಾಚಿ. ಅಲ್ಲಿ ಅಂತರ ಸೊನ್ನೆಯಾದರೆ ಅದು ಉಪಕರಣದ ಹಿಂದುಳಿಕೆ. ಕೆಲವು ಡಿಗ್ರಿ ಉಳಿದರೆ ವಸ್ತುವಿನದ್ದೇ. ಎರಡು ಪ್ರಾವಸ್ಥೆಗಳ ನಡುವಿನ ಗಡಿ ಮುಂದೆ ಸರಿಯುವಾಗ ದೋಷಗಳ ಗುಂಪಿಗೆ ಸಿಕ್ಕಿಕೊಂಡು ತಡವಾಗುತ್ತದೆ.

ಮೊದಲ ಸುತ್ತಿಗೂ ಎರಡನೆಯದಕ್ಕೂ ವ್ಯತ್ಯಾಸವಿದ್ದು, ಎರಡು ಮತ್ತು ಮೂರನೆಯವು ಒಂದೇ ಇದ್ದರೆ, ಕೊಠಡಿ ತಾಪದಲ್ಲಿ ಡೊಮೇನ್ ಗೋಡೆಗಳ ಬಳಿ ಸೇರಿದ್ದ ಖಾಲಿ ಸ್ಥಾನಗಳು ಕಾವಿಗೆ ಚದುರಿದವು ಎಂದು ತಿಳಿಯಿರಿ. ಪ್ರತಿ ಸುತ್ತಿಗೂ ಶಿಖರ ಸರಿಯುತ್ತಲೇ ಇದ್ದರೆ ಬಿಲ್ಲೆಯನ್ನು ಮತ್ತೆ ತೂಗಿ. ಪ್ರತಿ ಸುತ್ತಿಗೂ ಬಿಸ್ಮತ್ ಹೋಗುತ್ತಿರಬಹುದು, ಮಾಪನವೇ ಮಾದರಿಯನ್ನು ಬದಲಿಸುತ್ತಿರಬಹುದು. ಅಂಥ ಬಿಲ್ಲೆಯನ್ನು 750°ಸೆ ಮೇಲೆ ಒಯ್ಯಬೇಡಿ.

ತಣಿದ ಮೇಲೆ ಕೆಪಾಸಿಟನ್ಸ್ ದಿಢೀರನೆ ಇಳಿದಿದ್ದರೆ ಬಿರುಕು ಬಿಟ್ಟಿದೆ. ದಿಕ್ಕು ದಿಕ್ಕಿಗೆ ಬೇರೆಯಾಗಿ ಹಿಗ್ಗುವ ಹರಳು ಪರಿವರ್ತನೆಯಲ್ಲಿ ಇನ್ನಷ್ಟು ಆಕಾರ ಬದಲಿಸುತ್ತದೆ. 720ರಿಂದ 620°ಸೆವರೆಗೆ ನಿಮಿಷಕ್ಕೆ 1 ಡಿಗ್ರಿಗಿಂತ ವೇಗವಾಗಿ ಇಳಿಸಬೇಡಿ.

ಲಕ್ಷಣ: ಹಿಸ್ಟರಿಸಿಸ್ ಕುಣಿಕೆ ನಡುವೆ ಸೊಂಟ ಸಣ್ಣಗಾಗಿದೆ

ಕುಣಿಕೆ ಎಂದರೆ ವೋಲ್ಟೇಜ್ ಏರಿಳಿಸುವಾಗ ಧ್ರುವೀಕರಣ ಬರೆಯುವ ಗೆರೆ. ಅದರ ಸೊಂಟ ಸಣ್ಣಗಾಗಿದ್ದರೆ ಖಾಲಿ ಸ್ಥಾನಗಳ ಜೋಡಿಗಳು ಡೊಮೇನ್‌ಗಳನ್ನು ಹಿಡಿದಿಟ್ಟಿವೆ. ಬಿಲ್ಲೆಯನ್ನು 720–750°ಸೆನಲ್ಲಿ ಅರ್ಧ ಗಂಟೆ ಇಟ್ಟು ಲೋಹದ ಹಲಗೆಯ ಮೇಲೆ ಬೇಗ ತಣಿಸಿ. ಕುಣಿಕೆ ಬಿಚ್ಚಿಕೊಂಡರೆ ರೋಗನಿರ್ಣಯ ಖಚಿತ. ಚದುರಿದ ಖಾಲಿ ಸ್ಥಾನಗಳಿಗೆ ಮತ್ತೆ ಸಾಲುಗೂಡಲು ಸಮಯ ಸಿಕ್ಕಿರುವುದಿಲ್ಲ. ಬಿರುಕಿನ ಅಪಾಯ ಇರುವುದರಿಂದ ಹೆಚ್ಚುವರಿ ಬಿಲ್ಲೆಯಲ್ಲಿ ಮಾತ್ರ ಇದನ್ನು ಮಾಡಿ. ಕುಣಿಕೆ ಅಳೆಯುವಾಗ ಕಿಲೋವೋಲ್ಟ್‌ಗಳಿರುತ್ತವೆ. ಒಬ್ಬರೇ ಇದ್ದಾಗ ಮಾಡಬೇಡಿ, ಸಿಲಿಕೋನ್ ಎಣ್ಣೆಯನ್ನು ಹೊಗೆ ಬರುವಷ್ಟು ಕಾಯಿಸಬೇಡಿ, ವೋಲ್ಟೇಜ್ ಇಳಿಸಿ ಎರಡೂ ತುದಿಗಳನ್ನು ಭೂಸಂಪರ್ಕಕ್ಕೆ ಮುಟ್ಟಿಸಿದ ಮೇಲೆಯೇ ಕೈ ಹಾಕಿ.

ಎಲ್ಲಿ ನಿಲ್ಲಿಸಬೇಕು, ಯಾರಲ್ಲಿ ಹೋಗಬೇಕು

ಬಣ್ಣ, ತೂಕ, ವೇಗ, ಆವರ್ತನ, ಅನಿಲ ಎಲ್ಲ ನೋಡಿದ ಮೇಲೂ ಉತ್ತರ ಸಿಗದಿದ್ದರೆ ನಿಮ್ಮ ಮೇಜಿನ ಮೇಲಿನ ಉಪಕರಣಗಳ ಮಿತಿ ಮುಗಿದಿದೆ. ಆಕ್ಸಿಜನ್ ಯಾವ ಅಂತಸ್ತಿನಿಂದ ಹೋಗಿದೆ ಎಂದು ಎಕ್ಸ್ ಕಿರಣದಿಂದ ಹೇಳುವುದು ಕಷ್ಟ; 83 ಎಲೆಕ್ಟ್ರಾನ್‌ಗಳ ಬಿಸ್ಮತ್ ಎದುರು 8 ಎಲೆಕ್ಟ್ರಾನ್‌ಗಳ ಆಕ್ಸಿಜನ್ ಮಸುಕಾಗಿಬಿಡುತ್ತದೆ. ಅದಕ್ಕೆ ನ್ಯೂಟ್ರಾನ್ ವಿವರ್ತನೆ ಬೇಕು. ಭಾರತದಲ್ಲಿ ಟ್ರಾಂಬೆಯ ಧ್ರುವ ರಿಯಾಕ್ಟರಿನಲ್ಲಿ ಆ ಸೌಲಭ್ಯವಿದೆ. ಕೆಲವು ಗ್ರಾಂ ಪುಡಿ ಬೇಕಾಗುತ್ತದೆ, ಆದ್ದರಿಂದ ಒಂದೇ ಬಾರಿಗೆ ತಯಾರಿಸಿದ ಪುಡಿಯನ್ನು ಮೊದಲೇ ಎತ್ತಿಡಿ. 200 ಮತ್ತು 020 ಶಿಖರಗಳ ನಡುವಿನ ಅಂತರ ಕೊಠಡಿ ತಾಪದಲ್ಲಿ 0.27 ಡಿಗ್ರಿ ಮಾತ್ರ. ಅವು ಯಾವ ತಾಪದಲ್ಲಿ ಒಂದಾಗುತ್ತವೆ ಎಂದು ನಿಖರವಾಗಿ ನೋಡಲು ಇಂದೋರಿನ ಇಂಡಸ್-2 ಸಿಂಕ್ರೋಟ್ರಾನ್ (ತೀವ್ರ ಎಕ್ಸ್ ಕಿರಣದ ಮೂಲ) ಒದಗುತ್ತದೆ. ಅಂತಸ್ತು ಎಣಿಸಲು ಹೈ ರೆಸಲ್ಯೂಶನ್ ಟಿಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಬೇಕು: ಸಾಲುಗಳ ಅಂತರ 16.4 ಆಂಗ್‌ಸ್ಟ್ರಾಮ್ ಇದ್ದರೆ ಮೂರು ಅಂತಸ್ತು, 20.5 ಇದ್ದರೆ ನಾಲ್ಕು, 12.5 ಇದ್ದರೆ ಎರಡು.

ರಾಸಾಯನಿಕ ವಿಶ್ಲೇಷಣೆಗೆ ಬಿಲ್ಲೆಯನ್ನು ಕರಗಿಸಬೇಕಾದರೆ, ಅದಕ್ಕೆ ಹೈಡ್ರೋಫ್ಲೋರಿಕ್ ಆಮ್ಲ ಬೇಕೆಂದು ಯಾರಾದರೂ ಹೇಳಿದರೆ, ಅಲ್ಲಿಗೆ ನಿಲ್ಲಿಸಿ. ತರಬೇತಿ ಪಡೆದವರು, ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್, ಸರಿಯಾದ ಹುಡ್ ಮೂರೂ ಇಲ್ಲದೆ ಆ ಆಮ್ಲದ ಬಾಟಲಿ ತೆರೆಯಬಾರದು. ಪುಡಿ ತೂಗುವಾಗ ಎನ್95 ಮುಖಗವಸು ಹಾಕಿ. ಸೀಸವಿರುವ ಪದರ ಪೆರೋವ್‌ಸ್ಕೈಟ್ ಆಗಿದ್ದರೆ ಕುಲುಮೆಗೆ ಹೊಗೆ ಹೀರುವ ಕೊಳವೆ ಇಲ್ಲದೆ ಕೆಲಸ ಶುರುಮಾಡಬೇಡಿ.

ಹೊರಗೆ ಕಳಿಸುವ ಮಾದರಿಯ ಜೊತೆ ಒಂದು ಹಾಳೆ ಇಡಿ: ತೂಗಿದ ಅಂಕಿಗಳು, ಹೆಚ್ಚುವರಿ ಬಿಸ್ಮತ್, ಬೇಯಿಸಿದ ತಾಪ ಮತ್ತು ಸಮಯ, ಮುಂಚಿನ ಮತ್ತು ನಂತರದ ತೂಕ, ತಣಿಸಿದ ವೇಗ, ಅನಿಲ, ಎಷ್ಟನೇ ಸುತ್ತು. ಹೋಲಿಕೆಗೆ ಅದೇ ಪುಡಿಯಿಂದ ಮಾಡಿದ, 675°ಸೆನಲ್ಲಿ ಸರಿಯಾದ ಶಿಖರ ಕೊಟ್ಟ ಒಂದು ಬಿಲ್ಲೆಯನ್ನೂ ಕಳಿಸಿ.